ಈಗಿನ ವಿಳಾಸ

ಬಾಗಿಲ ಗಂಟೆ ಕಿಣಿ ಎಂದಾಗ
ಗಾಜಿನ ಪೆಟ್ಟಿಗೆಯ ಮೇಲೆ ಯಾರದೋ ಬೆರಳಚ್ಚು ಒರೆಸುತ್ತಿದ್ದೆ.
ಲ್ಯಾರಮಿಯ ಗಾಳಿ ಅವನನ್ನು ಒಳಗೆ ನೂಕಿ
ಬಾಗಿಲು ತಾನೇ ಹಾಕಿಕೊಂಡು ಹೋಯಿತು.
ತೆಳು ಜಾಕೆಟ್ಟು,
ನಮ್ಮ ಚಳಿಯನ್ನು ಇನ್ನೂ ನಂಬದವನದು.

ಕೈಬಂದೂಕು ಬೇಕಿತ್ತು, ಅಂದ,
ಕಾಲು ಡಜನ್ ಮೊಟ್ಟೆ ಕೇಳುವ ದನಿಯಲ್ಲಿ;
ದಾರಿಯುದ್ದಕ್ಕೂ ಆ ದನಿಯನ್ನು
ತಿದ್ದಿ ತೀಡಿಕೊಂಡು ಬಂದಿರಬೇಕು.

ಲೈಸೆನ್ಸು ಮಿನಿಸೋಟದ್ದು, ಮೂಲೆಯಲ್ಲೊಂದು ನೀಲಿ ಕೆರೆ.
ಮೆರಿಟ್ ಓಸ್ಟ್‌ಗಾರ್ಡ್.
ಇಪ್ಪತ್ತೊಂದು ತುಂಬಿ ಒಂಬತ್ತು ದಿನ.

ನೀನಿರೋದು ಎಲ್ಲಿ?
ಕೇಳಿಸಿದ್ದು ಕಾನೂನು, ಕೇಳಿದ್ದು ನಾನು.
ಇಲ್ಲೇ ನಿಂತಿದ್ದೀನಲ್ಲ, ಅಂದ.

ನಿಲ್ಲೋದು ಬೇರೆ, ಇರೋದು ಬೇರೆ ಮಗೂ.
ಓದಲು ಬಂದವನು ಓದುವಷ್ಟು ದಿನ ಇಲ್ಲಿಯವನೇ,
ರಜಕ್ಕೆ ಹೋದರೆ ಅಲ್ಲಿಯವನು.
ಕಾಯಿದೆ ಅಷ್ಟು ಧಾರಾಳಿ.
ಆದರೆ ಹಾಗಂತ ಸರ್ಕಾರದ ಕಾಗದವೊಂದು ಹೇಳಬೇಕು.
ಊಟದ ಕಾರ್ಡು ಹೇಳಿದರೆ ಆಗದು,
ಅಮ್ಮ ಕಳಿಸಿದ ಪಾರ್ಸೆಲ್ಲು ಹೇಳಿದರೂ ಆಗದು.

ವಾರ ಬಿಟ್ಟು ಬಂದ,
ಮೀನು ಹಿಡಿಯುವ ಪರವಾನಗಿ ಹಿಡಿದು.
ಗಾಳ ಹಾಕಲು ಬರುತ್ತಾ?
ಇಲ್ಲ, ಇದೇ ಎಲ್ಲಕ್ಕಿಂತ ಅಗ್ಗಕ್ಕೆ ಸಿಕ್ಕಿದ್ದು.
ಇಬ್ಬರೂ ನಕ್ಕೆವು.
ಆಮೇಲೆ ತೋರಿಸಿದೆ, ಸಣ್ಣ ಅಕ್ಷರದಲ್ಲಿ:
'ಹೊರ ರಾಜ್ಯದವರು'.
ನಮ್ಮ ನದಿಯ ಮೀನುಗಳಿಗೆ ನೀನಿನ್ನೂ ನೆಂಟ ಕಣೋ,
ಬೇರೆ ಏನಾದರೂ ತಾ.

ಮೂರನೆಯ ಸಲ ತಂದದ್ದು ಕಾರಿನ ನೋಂದಣಿ.
ಹಾಸ್ಟೆಲಿನ ಹೆಸರು, ಕೋಣೆ ನಂಬರು, ಮೊಹರು.
ಎಲ್ಲ ಸರಿ.
ತಪ್ಪು ಹುಡುಕುತ್ತಿದ್ದೆನೆಂದು ಗೊತ್ತಾದದ್ದು
ಅದು ಸಿಗದೆ ಹೋದಾಗ.

ಅರ್ಜಿ ಕೊಟ್ಟೆ, ಪೆನ್ನು ಕೊಟ್ಟೆ.
'ಈಗಿನ ವಿಳಾಸ' ಎಂಬಲ್ಲಿ
ಮೊದಲು ಬರೆದದ್ದು ಮಿನಿಸೋಟದ ಬೀದಿ,
ಹೊಡೆದು ಹಾಕಿ, ಪಕ್ಕದಲ್ಲಿ ಇಲ್ಲಿಯದು.
ಹಾಸ್ಟೆಲೊಳಗೆ ಇದು ಬರೋ ಹಾಗಿಲ್ಲ, ಗೊತ್ತಲ್ಲ?
ಗೊತ್ತು, ಕ್ಯಾಂಪಸ್ ಪೊಲೀಸರ ಬೀರುವಿನಲ್ಲಿಡಬೇಕು.
ಅಂದರೆ ಅವನ ವಿಳಾಸ ಒಂದು, ಇದರದೊಂದು.
ಯಾಕೆ ಬೇಕು ಎಂದು ನಾನು ಕೇಳಲಿಲ್ಲ, ಅವನೇ ಹೇಳಿದ:
ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕು, ರಾತ್ರಿ ಪಾಳಿ,
ಒಬ್ಬನೇ.
ಇದ್ದರೂ ಇರಬಹುದು.
ಉಗುರಿನ ಸುತ್ತ ಚರ್ಮ ಕಿತ್ತು ಕೆಂಪಾಗಿತ್ತು.

ಇದು ನಿನಗೇ ತಾನೆ?
ಎಲ್ಲರನ್ನೂ ಕೇಳುವ ಪ್ರಶ್ನೆ.
ಪೆನ್ನು ನಿಂತಿತು.

ಇಪ್ಪತ್ತಾರು ವರ್ಷ ಈ ಗಲ್ಲೆಯ ಹಿಂದೆ
ತರತರದ ತಡೆ ಕಂಡಿದ್ದೇನೆ:
ಕಾಗುಣಿತದ ತಡೆ, ಕನ್ನಡಕ ಮರೆತವರ ತಡೆ,
ಹೆಂಡತಿಗೆ ಏನು ಹೇಳಲಿ ಎಂಬ ತಡೆ.
ಡುವೇನ್ ಹ್ಯಾಕೆಟ್ ಮಾತ್ರ ತಡೆಯಲೇ ಇಲ್ಲ,
ಒಂದೇ ಉಸಿರಿಗೆ ತುಂಬಿ, ಥ್ಯಾಂಕ್ಸ್ ವರ್ಲೀನ್, ಅಂದಿದ್ದ.
ಅವನ ಅರ್ಜಿ ಒಳಗಿನ ಕಪಾಟಿನಲ್ಲಿದೆ,
ಒಂದು ಕಾಟೂ ಇಲ್ಲದೆ.

ಹಾಗಾಗಿ ಈ ಹುಡುಗನ ತಡೆ ಒಳ್ಳೆಯದೋ ಕೆಟ್ಟದ್ದೋ
ನನಗೆ ಇವತ್ತಿಗೂ ತಿಳಿಯದು.
'ಹೌದು' ಎಂದು ಬರೆದ, ನಿಧಾನವಾಗಿ,
ತನ್ನದೇ ಹೆಸರಿನ ಕಾಗುಣಿತ ಕೇಳಿದವನ ಹಾಗೆ.

ಇವತ್ತು ಬೇಡ, ಅಂದೆ.
ಮಾರಲೇಬೇಕೆಂದು ಕಾಯಿದೆಯೂ ಹೇಳುವುದಿಲ್ಲ.
ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ.
ಯಾಕೆ ಅಂತಲೂ ಕೇಳಲಿಲ್ಲ,
ಪೆನ್ನಿನ ಮುಚ್ಚಳ ಹಾಕಿ
ಗಾಜಿನ ಮೇಲೆ ನೆಟ್ಟಗೆ ಇಟ್ಟ.
ಶುಕ್ರವಾರ ಬಾ, ನಾನಿರ್ತೀನಿ,
ಕಾಫಿ ಕುಡಿಯೋಣ, ಅಂದೆ.
ಕಾಫಿ ಯಾಕೆ ಅಂದೆನೋ.
ಈ ಅಂಗಡಿಯಲ್ಲಿ ಕಾಫಿಯೇ ಇಲ್ಲ.

ಕಿಣಿ.
ಕಿಟಕಿಯಿಂದ ನೋಡಿದೆ:
ಗಾಳಿಗೆ ಬೆನ್ನು ಕೊಟ್ಟು
ಬೀಗದ ಕೈ ಹುಡುಕುತ್ತ ನಿಂತಿದ್ದಾನೆ.
ಕಾರಿಗೆ ಹೊಸ ಫಲಕ, ನಮ್ಮ ಎಗರುವ ಕುದುರೆಯದು,
ಒಂದು ಸ್ಕ್ರೂ ಸಡಿಲ, ಲಟಲಟ ಅನ್ನುತ್ತಿದೆ.
ಹಿಂದಿನ ಸೀಟಿನ ಮೇಲೆ
ಬಿಚ್ಚಿದ ಹಳೆಯದು,
ಟವೆಲಿನಲ್ಲಿ ಸುತ್ತಿಟ್ಟದ್ದು.